‘ಅವರೇ ಒಪ್ಪಿಕೊಂಡಿದ್ದಾರಲ್ಲ?’
ಮೇ 1 – ಕಾರ್ಮಿಕ ಸಂತ ಜೋಸೆಫರ ಹಬ್ಬ



ಮೇ ತಿಂಗಳ ಮೊದಲ ದಿನ ನಮ್ಮ ಧರ್ಮಕೇಂದ್ರಗಳಲ್ಲಿ ಕಾರ್ಮಿಕ ಸಂತ ಜೋಸೆಫರ ಹಬ್ಬ. 1955ರಲ್ಲಿ ಪೋಪ್ ಜಗದ್ಗುರು 12ನೇ ಪಿಯೂಸ್‌ರವರು ಈ ಹಬ್ಬವನ್ನು ಸ್ಥಾಪಿಸಿದರು. ಲೋಕವೆಲ್ಲ ಕಾರ್ಮಿಕರ ದಿನವೆಂದು ಆಚರಿಸುವ ದಿನವನ್ನೇ ಅವರು ಬೇಕೆಂದು ಆರಿಸಿಕೊಂಡರು. ಆ ದಿನ ಬಲಿಪೂಜೆಯಲ್ಲಿ ಉಳಿ, ಸುತ್ತಿಗೆ, ಕರಣೆ, ಕುಡುಗೋಲುಗಳನ್ನು ಪೀಠದ ಮುಂದೆ ತಂದಿಡುತ್ತೇವೆ. ಹೊರಗೆ ಆಟೋರಿಕ್ಷಾಗಳಿಗೆ ತೀರ್ಥ ಚಿಮುಕಿಸುತ್ತೇವೆ. ದುಡಿಯುವ ಕೈಯನ್ನು ಹೊಗಳುವ ಪ್ರಬೋಧನೆಗಳಿಗೆ ಆ ದಿನ ಬರವಿಲ್ಲ. ಆದರೆ ಆ ಕೈಗೆ ತಿಂಗಳ ಕೊನೆಗೆ ಬಂದದ್ದೆಷ್ಟು, ಬಂದದ್ದು ಯಾವಾಗ, ಹಿಡಿದುಕೊಂಡದ್ದೆಷ್ಟು ಎಂಬ ಲೆಕ್ಕ ಪ್ರಬೋಧನೆಯಲ್ಲಿ ಬರುವುದು ಅಪರೂಪ. ಈ ಸಲ ಆ ಲೆಕ್ಕವನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಕೂಲಿಯ ಮಾತು ಬಂದಲ್ಲೆಲ್ಲ ನಾವು ಕೇಳುವ ವಾಕ್ಯ ಒಂದಿದೆ. ಮನೆಗಳಲ್ಲಿ, ಅಂಗಡಿಗಳಲ್ಲಿ, ಕಾಫಿ ತೋಟಗಳಲ್ಲಿ, ಶಾಲೆ ಆಸ್ಪತ್ರೆಗಳ ಕಚೇರಿಗಳಲ್ಲಿ ಅದು ಒಂದೇ ಬಗೆಯಾಗಿ ಕೇಳುತ್ತದೆ: “ಅವರೇ ಒಪ್ಪಿಕೊಂಡಿದ್ದಾರಲ್ಲ?” ಇಷ್ಟು ಕೊಡುತ್ತೇನೆ ಅಂದೆ, ಹೂಂ ಅಂದಳು, ಮರುದಿನ ಕೆಲಸಕ್ಕೆ ಬಂದಳು, ನಾನೇನು ಕತ್ತು ಹಿಡಿದು ಕರೆತಂದೆನೆ? ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಇಬ್ಬರು ಸೇರಿ ಆಡಿಕೊಂಡ ಮಾತಿನಲ್ಲಿ ಮೂರನೆಯವರಿಗೇನು ಕೆಲಸ? ನಮ್ಮ ದೇಶದ ಕಾರ್ಮಿಕ ಕಾನೂನಿನ ತಳಪಾಯವೇ ಈ ಪ್ರಶ್ನೆಗೆ ಕೊಟ್ಟ ಉತ್ತರ. ಆ ಉತ್ತರ ಅತ್ಯಂತ ಸ್ಪಷ್ಟವಾಗಿ ಬಂದದ್ದು ಒಂದು ರೂಪಾಯಿಯ ವಿಷಯದಲ್ಲಿ.

ಒಂದು ರೂಪಾಯಿಯ ಮೊಕದ್ದಮೆ

1982ರ ನವೆಂಬರಿನಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ನಡುವಯಸ್ಸು ದಾಟಿದವರಿಗೆ ಅಪ್ಪು ಎಂಬ ಆನೆಮರಿಯ ಚಿತ್ರ ನೆನಪಿರಬಹುದು, ಬಣ್ಣದ ಟಿ.ವಿ. ನಮ್ಮ ದೇಶಕ್ಕೆ ಬಂದದ್ದೂ ಆ ವರ್ಷವೇ. ಕ್ರೀಡಾಂಗಣಗಳು, ಮೇಲ್ಸೇತುವೆಗಳು, ಹೋಟೆಲುಗಳು ಅವಸರದಲ್ಲಿ ಎದ್ದವು. ಕಟ್ಟಲು ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾಗಳಿಂದ ಬಡವರನ್ನು ಕರೆತಂದರು. ಸರ್ಕಾರದ ಸಂಸ್ಥೆಗಳು ಕೆಲಸವನ್ನು ಗುತ್ತಿಗೆದಾರರಿಗೆ ಕೊಟ್ಟವು, ಗುತ್ತಿಗೆದಾರರು ಆಳುಗಳನ್ನು ತರುವ ಕೆಲಸವನ್ನು ಜಮಾದಾರರಿಗೆ ಕೊಟ್ಟರು. ಆಗ ಅಲ್ಲಿ ದಿನದ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ. ಕೂಲಿ ಆಳಿನ ಕೈಗೆ ನೇರವಾಗಿ ಹೋಗುತ್ತಿರಲಿಲ್ಲ, ಜಮಾದಾರನ ಕೈಗೆ ಹೋಗುತ್ತಿತ್ತು. ಅವನು ತನ್ನ ದಲ್ಲಾಳಿಯೆಂದು ಒಂದು ರೂಪಾಯಿ ಮುರಿದುಕೊಂಡು ಉಳಿದ 8 ರೂಪಾಯಿ 25 ಪೈಸೆ ಕೊಡುತ್ತಿದ್ದ. ಹೆಂಗಸರಿಗೆ ಸಿಗುತ್ತಿದ್ದುದು ಬರೀ 7 ರೂಪಾಯಿ.

ಒಂದು ರೂಪಾಯಿ ಎಂದರೆ ಇಂದು ನಮಗೆ ನಗು ಬರಬಹುದು. ಆದರೆ ಲೆಕ್ಕ ಹಾಕಿ ನೋಡಿ: ಸುಮಾರು ಒಂಬತ್ತು ದಿನ ದುಡಿದರೆ ಒಂದು ದಿನ ಬಿಟ್ಟಿ ದುಡಿದ ಹಾಗಾಯಿತು.

ಪ್ರಜಾಪ್ರಭುತ್ವ ಹಕ್ಕುಗಳ ಜನತಾ ಒಕ್ಕೂಟ ಎಂಬ ಸಂಘಟನೆ ಮೂವರು ಸಮಾಜ ವಿಜ್ಞಾನಿಗಳಿಂದ ಇದನ್ನೆಲ್ಲ ವಿಚಾರಣೆ ಮಾಡಿಸಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಒಂದು ಕಾಗದ ಬರೆಯಿತು. ಆ ಕಾಗದವನ್ನೇ ಕೋರ್ಟು ರಿಟ್ ಅರ್ಜಿಯೆಂದು ಸ್ವೀಕರಿಸಿತು. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುತ್ತದೆ. ಇಲ್ಲಿ ಬಲವಂತ ಎಲ್ಲಿದೆ? ಬಂದವರು ತಾವಾಗಿ ಬಂದರು. ಕೂಲಿಯೂ, ಒಂದಿಷ್ಟು ಕಡಿಮೆಯಾದರೂ, ಸಿಕ್ಕಿದೆ. ಅಂದರೆ ನಮ್ಮ ‘ಅವರೇ ಒಪ್ಪಿಕೊಂಡಿದ್ದಾರಲ್ಲ’ ಎಂಬ ಮಾತೇ ಅಲ್ಲಿಯೂ ಎದುರು ನಿಂತಿತು.

1982ರ ಸೆಪ್ಟೆಂಬರ್ 18ರಂದು ತೀರ್ಪು ಬಂತು. ಬಲವಂತವೆಂದರೆ ಕೋಲು ಚಾವಟಿಗಳೇ ಆಗಬೇಕಿಲ್ಲ ಎಂದಿತು ಕೋರ್ಟು. ಹಸಿವೂ ಬಲವಂತವೇ, ಬೇರೆ ದಾರಿಯಿಲ್ಲದಿರುವುದೂ ಬಲವಂತವೇ. ಕಾನೂನು ಗೊತ್ತುಪಡಿಸಿದ ಕನಿಷ್ಠ ಕೂಲಿಗಿಂತ ಕಡಿಮೆಗೆ ಯಾರಾದರೂ ದುಡಿಯುತ್ತಿದ್ದರೆ, ಅಂಥ ಒತ್ತಡವಿಲ್ಲದೆ ಅವರು ಹಾಗೆ ದುಡಿಯಲಾರರು. ಆದ್ದರಿಂದ ಅದು ಬಲವಂತದ ದುಡಿಮೆ, ಸಂವಿಧಾನಕ್ಕೇ ವಿರುದ್ಧ. ಇದು ಸರ್ಕಾರಕ್ಕಷ್ಟೇ ಅಲ್ಲ, ಖಾಸಗಿಯವರಿಗೂ ಅನ್ವಯಿಸುತ್ತದೆ ಎಂದೂ ಹೇಳಿತು. 14 ವರ್ಷದೊಳಗಿನ ಮಕ್ಕಳನ್ನು ಕಟ್ಟಡದ ಕೆಲಸಕ್ಕೆ ಹಚ್ಚಬಾರದೆಂಬುದೂ ಅದೇ ತೀರ್ಪಿನಲ್ಲಿದೆ.

ಪ್ರಿಯರೇ, ಈ ಮಾತು ನಮಗೆ ಹೊಸದಾಗಿ ಕೇಳಬಾರದು. ಆ ತೀರ್ಪಿಗೆ 91 ವರ್ಷ ಮೊದಲು, 1891ರ ಮೇ 15ರಂದು, ಪೋಪ್ 13ನೇ ಲಿಯೋರವರು ‘ರೇರುಂ ನೊವಾರುಂ’ ಎಂಬ ವಿಶ್ವಪತ್ರ ಹೊರಡಿಸಿದರು. ಯೂರೋಪಿನ ಕಾರ್ಖಾನೆಗಳಲ್ಲಿ ಹೆಂಗಸರು ಮಕ್ಕಳೆನ್ನದೆ ದುಡಿಸುತ್ತಿದ್ದ ಕಾಲ ಅದು. ಮಾಲೀಕ ಮತ್ತು ಕೆಲಸಗಾರ ಮಾತಾಡಿಕೊಂಡು ಕೂಲಿ ಗೊತ್ತುಮಾಡಿಕೊಳ್ಳಲಿ, ತಪ್ಪಿಲ್ಲ. ಆದರೆ ಆ ಒಪ್ಪಂದಕ್ಕಿಂತ ಹಿರಿದಾದ ಒಂದು ನಿಯಮವಿದೆ, ಮಿತವ್ಯಯದಿಂದ ಬಾಳುವ ಕೆಲಸಗಾರನ ಜೀವನಕ್ಕೆ ಆ ಕೂಲಿ ಸಾಲಬೇಕು ಎಂದು ಅವರು ಬರೆದರು. ಇದಕ್ಕಿಂತ ಕೆಟ್ಟದ್ದು ಬರಬಹುದೆಂಬ ಭಯದಿಂದ ಅವನು ಕಡಿಮೆಗೆ ಒಪ್ಪಿಕೊಂಡರೆ ಅವನು ಬಲಾತ್ಕಾರಕ್ಕೂ ಅನ್ಯಾಯಕ್ಕೂ ಬಲಿಯಾದವನೇ. ವ್ಯಾಟಿಕನ್ನಿನ ವೃದ್ಧ ಗುರುವೊಬ್ಬರೂ ದೆಹಲಿಯ ನ್ಯಾಯಮೂರ್ತಿಗಳೂ ಬೇರೆ ಬೇರೆ ದಾರಿಯಲ್ಲಿ ನಡೆದುಬಂದು ಒಂದೇ ಅರಳಿಕಟ್ಟೆಯ ಮೇಲೆ ಕುಳಿತಂತಿದೆ. 2025ರ ಮೇ 8ರಂದು ಆಯ್ಕೆಯಾದ ನಮ್ಮ ಈಗಿನ ಪೋಪ್ 14ನೇ ಲಿಯೋರವರು ತಮಗೆ ಆ ಹೆಸರನ್ನು ಆರಿಸಿಕೊಳ್ಳಲು ಮುಖ್ಯ ಕಾರಣ ಈ ವಿಶ್ವಪತ್ರವೇ ಎಂದು ಹೇಳಿದ್ದಾರೆ.

ಸೂರ್ಯ ಮುಳುಗುವ ಮುನ್ನ

ಇನ್ನು ಹಣ ಕೈಸೇರುವ ಹೊತ್ತಿನ ವಿಷಯ. ಬಡ ಕೂಲಿಯಾಳಿನ ಕೂಲಿಯನ್ನು ಅಂದಂದೇ, ಸೂರ್ಯ ಮುಳುಗುವುದಕ್ಕೆ ಮುಂಚೆಯೇ ಕೊಟ್ಟುಬಿಡಬೇಕೆಂದು ಧರ್ಮೋಪದೇಶಕಾಂಡದ 24ನೇ ಅಧ್ಯಾಯ ವಿಧಿಸುತ್ತದೆ. ತಡೆಹಿಡಿದ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎಂದು ಸಂತ ಯಕೋಬರು ತಮ್ಮ ಪತ್ರದಲ್ಲಿ ಎಚ್ಚರಿಸುತ್ತಾರೆ. ನಮ್ಮ ದೇಶದ ವೇತನ ಸಂಹಿತೆ 2019ರಲ್ಲಿ ಅಂಗೀಕಾರವಾಗಿ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ದಿನಗೂಲಿಯವರಿಗೆ ಆ ದಿನದ ಪಾಳಿ ಮುಗಿಯುತ್ತಲೇ ಕೂಲಿ ಕೊಡಬೇಕು. ವಾರದ ಕೂಲಿಯಾದರೆ ವಾರದ ರಜೆಗೆ ಮುಂಚೆ, ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ನೇ ತಾರೀಖಿನೊಳಗೆ. ಕೆಲಸ ಬಿಟ್ಟವರಿಗೆ, ತೆಗೆದುಹಾಕಿದವರಿಗೆ ಬರಬೇಕಾದದ್ದನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. “ಇನ್ನೊಂದು ತಿಂಗಳು ಕಳೆದು ಬನ್ನಿ, ಲೆಕ್ಕ ಮಾಡಿಸುತ್ತೇವೆ” ಎನ್ನುವುದಕ್ಕೆ ಈಗ ಕಾನೂನಿನಲ್ಲಿ ಜಾಗವಿಲ್ಲ.

ಹಿಡಿದುಕೊಳ್ಳುವುದಕ್ಕೂ ಮಿತಿಯಿದೆ. ಮುಂಗಡ, ಪಿ.ಎಫ್., ದಂಡ ಎಲ್ಲ ಸೇರಿ ಒಂದು ಅವಧಿಯ ವೇತನದ ಅರ್ಧಕ್ಕಿಂತ ಹೆಚ್ಚು ಮುರಿದುಕೊಳ್ಳುವಂತಿಲ್ಲ. ದಂಡ ಶೇಕಡಾ 3ನ್ನು ಮೀರುವಂತಿಲ್ಲ, ಅದನ್ನೂ ಕೆಲಸಗಾರನ ಮಾತು ಕೇಳಿದ ಮೇಲೆಯೇ ಹಾಕಬೇಕು. ಒಡೆದ ಒಂದು ಪಿಂಗಾಣಿ ತಟ್ಟೆಗೆ ಎರಡು ದಿನದ ಸಂಬಳ ಮುರಿಯುವ ಗೃಹಿಣಿಯರು ನಮ್ಮ ಓದುಗರಲ್ಲಿ ಇರಲಾರರು ಎಂದು ನಂಬೋಣ.

ಈ ಸಂದರ್ಭದಲ್ಲಿ ಸಂತ ಮತ್ತಾಯರ ಶುಭಸಂದೇಶದ ದ್ರಾಕ್ಷಾತೋಟದ ಸಾಮತಿಯನ್ನು ನೆನಪಿಸುವವರಿದ್ದಾರೆ: ಯಜಮಾನನಿಗೆ ತನ್ನ ಹಣವನ್ನು ತನ್ನಿಷ್ಟದಂತೆ ಕೊಡುವ ಅಧಿಕಾರವಿತ್ತಲ್ಲ ಎಂದು. ಸಾಮತಿಯನ್ನು ಇನ್ನೊಮ್ಮೆ ಓದಿ. ಆ ಯಜಮಾನ ಸಂಜೆಯಾದೊಡನೆ ಮೇಸ್ತ್ರಿಯನ್ನು ಕರೆದು ಅಂದಿನ ಕೂಲಿಯನ್ನು ಅಂದೇ ಕೊಡಿಸಿದ. ಒಂದೇ ಗಂಟೆ ದುಡಿದವನಿಗೂ ಇಡೀ ದಿನದ ಕೂಲಿ ಕೊಟ್ಟ. ಒಬ್ಬರಿಗೂ ಆಡಿದ್ದಕ್ಕಿಂತ ಒಂದು ಕಾಸು ಕಡಿಮೆಯಾಗಲಿಲ್ಲ. ಕಡಿಮೆ ಕೊಡುವವರಿಗೆ ಆ ಸಾಮತಿಯಲ್ಲಿ ಆಸರೆ ಸಿಗದು.

ಎಷ್ಟಾದರೆ ಸಾಕು?

ಕನಿಷ್ಠ ಕೂಲಿಯೆಂಬುದು ಯಾರೋ ಅಧಿಕಾರಿ ಬಾಯಿಗೆ ಬಂದಂತೆ ಬರೆದ ಅಂಕಿಯಲ್ಲ. 1957ರಲ್ಲಿ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕುಳಿತು ಒಂದು ಅಳತೆ ಗೊತ್ತುಮಾಡಿದರು. ದುಡಿಯುವವನು 1, ಅವನ ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6, ಒಟ್ಟು ಮೂರು ಪಾಲು. ಒಂದೊಂದು ಪಾಲಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಇಡೀ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇವುಗಳ ಮೇಲೆ ಸೌದೆ, ದೀಪ ಮೊದಲಾದವಕ್ಕೆ ಕನಿಷ್ಠ ಕೂಲಿಯ ಶೇಕಡಾ 20. ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಇವಕ್ಕಾಗಿ ಇನ್ನೂ ಶೇಕಡಾ 25ನ್ನು ಸೇರಿಸಬೇಕೆಂದು 1991ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಈ ಪಟ್ಟಿಯನ್ನು ಓದುವಾಗ ನಮಗೆ ಎರಡು ವಿಚಾರ ತೋಚುತ್ತವೆ. ಮೊದಲನೆಯದು, ಕೂಲಿಯೆಂದರೆ ಒಬ್ಬ ಆಳಿನ ಹೊಟ್ಟೆಯ ಲೆಕ್ಕವಲ್ಲ, ಒಂದು ಸಂಸಾರದ ಲೆಕ್ಕ. 1931ರಲ್ಲಿ ಪೋಪ್ 11ನೇ ಪಿಯೂಸ್‌ರವರ ವಿಶ್ವಪತ್ರವೂ ಕುಟುಂಬಕ್ಕೆ ಸಾಲುವ ಕೂಲಿಯನ್ನೇ ಕೇಳಿತ್ತು. ಎರಡನೆಯದು, ಆ ಮೂರು ಪಾಲಿನಲ್ಲಿ ಮುದಿ ತಂದೆತಾಯಿಗಳು ಇಲ್ಲವೇ ಇಲ್ಲ! ನಮ್ಮ ಮನೆಗಳಲ್ಲಿ ಅಜ್ಜಿ ತಾತ ಇಲ್ಲದ ಸಂಸಾರ ಎಷ್ಟಿವೆ? ಮನೆಯ ಹೆಂಗಸು ಗಂಡಸಿನಷ್ಟೇ ದುಡಿದು ಅವನಿಗಿಂತ ಕಡಿಮೆ ಉಣ್ಣಬೇಕೆಂಬ 0.8 ಎಲ್ಲಿಯ ನ್ಯಾಯವೋ ಅದೂ ನಮಗೆ ತಿಳಿಯದು. ಆದರೂ ಇದು ಕನಿಷ್ಠದ ಲೆಕ್ಕ. ಇದರ ಕೆಳಗೆ ಇಳಿಯಕೂಡದು ಎಂಬ ಗೆರೆ.

“ನಮ್ಮ ಕೈಯಲ್ಲಿ ಆಗುವುದಿಲ್ಲ, ವ್ಯಾಪಾರವೇ ಇಲ್ಲ” ಎಂದರೆ? ಕೇರಳದ ಹೆಂಚಿನ ಕಾರ್ಖಾನೆಗಳವರು ಇದೇ ಮಾತನ್ನು ಸುಪ್ರೀಂ ಕೋರ್ಟಿನ ತನಕ ಒಯ್ದಿದ್ದರು. ಕನಿಷ್ಠ ಕೂಲಿ ಗೊತ್ತುಪಡಿಸುವಾಗ ಮಾಲೀಕನಿಗೆ ಕೊಡುವ ಶಕ್ತಿಯಿದೆಯೇ ಎಂದು ನೋಡಬೇಕಾಗಿಲ್ಲ ಎಂದು 1961ರಲ್ಲಿ ಕೋರ್ಟು ಹೇಳಿತು.

ಪರೋಪಕಾರದ ಹೆಸರಿನಲ್ಲಿ

ಇಲ್ಲಿಯವರೆಗೆ ಓದಿದವರು, ಇದೆಲ್ಲ ಲಾಭ ಮಾಡುವವರಿಗೆ, ಸೇವೆ ಮಾಡುವವರಿಗಲ್ಲ ಎಂದುಕೊಳ್ಳಬಹುದು. ಅದಕ್ಕೂ ಒಂದು ಮೊಕದ್ದಮೆಯಿದೆ. ರಾಜಸ್ಥಾನದಲ್ಲಿ ಬರಗಾಲ. ಹಸಿದವರಿಗೆ ಕೆಲಸ ಕೊಡಲೆಂದು ಸರ್ಕಾರ ರಸ್ತೆ ಕಾಮಗಾರಿ ತೆರೆಯಿತು. ದುಡಿಯುತ್ತಿದ್ದವರಲ್ಲಿ ಬಹಳ ಮಂದಿ ಹೆಂಗಸರು. ಅವರಿಗೆ ಸಿಕ್ಕಿದ್ದು ಕನಿಷ್ಠ ಕೂಲಿಗಿಂತ ಕಡಿಮೆ. ಬರ ಪರಿಹಾರದ ಕೆಲಸಗಳಿಗೆ ಕಾರ್ಮಿಕ ಕಾನೂನುಗಳಿಂದ ವಿನಾಯಿತಿ ಕೊಡುವ 1964ರ ಕಾಯ್ದೆಯೊಂದು ಆ ರಾಜ್ಯದಲ್ಲಿತ್ತು. ಇದು ಪರಿಹಾರ, ಉದ್ಯೋಗವಲ್ಲ ಎಂಬುದು ಸರ್ಕಾರದ ನಿಲುವು. ತಿಲೋನಿಯಾದಲ್ಲಿ ಸಮಾಜಸೇವೆ ಮಾಡುತ್ತಿದ್ದ ಸಂಜಿತ್ ರಾಯ್ ಎಂಬವರು ಕೋರ್ಟಿಗೆ ಹೋದರು. 1983ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ವಿನಾಯಿತಿಯನ್ನು ಕನಿಷ್ಠ ಕೂಲಿಯ ಮಟ್ಟಿಗೆ ಹೊಡೆದುಹಾಕಿತು. ಅವರು ಬೆವರು ಸುರಿಸಿದ್ದಾರೆ, ಊರಿಗೆ ಉಪಯೋಗವಾಗುವ ರಸ್ತೆ ಆಗಿದೆ. ಅವರ ಅಸಹಾಯಕತೆಯನ್ನು ಬಳಸಿಕೊಂಡು ಕೂಲಿ ಕಡಿಮೆ ಮಾಡುವ ಅಧಿಕಾರ ಸರ್ಕಾರಕ್ಕೂ ಇಲ್ಲ.

ಸರ್ಕಾರದ ಪರಿಹಾರಕ್ಕೇ ಇಲ್ಲದ ರಿಯಾಯಿತಿ ಸೇವಾಸಂಸ್ಥೆಗಳಿಗೆ ಎಲ್ಲಿಂದ ಬರುತ್ತದೆ? ನಮ್ಮ ಧರ್ಮಸಭೆ ಶಾಲೆಗಳನ್ನು, ಆಸ್ಪತ್ರೆಗಳನ್ನು, ಅನಾಥಾಲಯಗಳನ್ನು, ವಸತಿನಿಲಯಗಳನ್ನು ನಡೆಸುತ್ತದೆ. ಅಲ್ಲೆಲ್ಲ ಶಿಕ್ಷಕರು, ದಾದಿಯರು, ಆಯಾಗಳು, ಚಾಲಕರು, ಕಾವಲುಗಾರರು ಇದ್ದಾರೆ. ಗುರುನಿವಾಸದಲ್ಲಿ ಅಡುಗೆಯವರಿದ್ದಾರೆ, ದೇವಾಲಯದಲ್ಲಿ ಉಪದೇಶಿಗಳು, ಗಂಟೆ ಹೊಡೆಯುವವರು ಇದ್ದಾರೆ. “ದೇವರ ಕೆಲಸವಲ್ಲವೇ” ಎಂಬ ಮಾತು ಅವರಿಗೆ ಹೇಳುವಷ್ಟು ಸಲೀಸಾಗಿ ಸಿಮೆಂಟ್ ಅಂಗಡಿಯವನಿಗೆ ಹೇಳುವುದಿಲ್ಲ ನಾವು! ನ್ಯಾಯದ ಬಗ್ಗೆ ಮಾತಾಡುವವರು ಮೊದಲು ಜನರ ಕಣ್ಣಿಗೆ ತಾವು ನ್ಯಾಯವಂತರಾಗಿ ಕಾಣಬೇಕು, ಧರ್ಮಸಭೆಯಲ್ಲಿ ದುಡಿಯುವವರಿಗೆ ಬದುಕಲು ಸಾಕಾಗುವಷ್ಟು ಸಂಬಳ, ಸಾಮಾಜಿಕ ಭದ್ರತೆ ಸಿಗಬೇಕು ಎಂದು 1971ರ ಧರ್ಮಾಧ್ಯಕ್ಷರ ವಿಶ್ವಸಭೆ ಸ್ಪಷ್ಟವಾಗಿ ಹೇಳಿತ್ತು.

ಶಾಲಾ ಶಿಕ್ಷಕರ ಗ್ರಾಚ್ಯುಟಿಯ ಕಥೆಯನ್ನೇ ನೋಡಿ. 1972ರ ಗ್ರಾಚ್ಯುಟಿ ಕಾಯ್ದೆಯನ್ನು 1997ರ ಏಪ್ರಿಲ್ 3ರಂದು, ಹತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಶಿಕ್ಷಣ ಸಂಸ್ಥೆಗಳಿಗೂ ವಿಸ್ತರಿಸಲಾಯಿತು. ಆದರೆ ಶಿಕ್ಷಕರು ಆ ಕಾಯ್ದೆಯ ‘ನೌಕರ’ ಎಂಬ ಪದದೊಳಗೆ ಬರುವುದಿಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಶಾಲೆಯ ಜವಾನನಿಗೆ ಗ್ರಾಚ್ಯುಟಿ, ಪಾಠ ಹೇಳಿದ ಟೀಚರಿಗೆ ಇಲ್ಲ ಎಂಬ ವಿಚಿತ್ರ ಸ್ಥಿತಿ. ಸಂಸತ್ತು 2009ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಶಿಕ್ಷಕರನ್ನೂ ಸೇರಿಸಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದವು. 2022ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿದು, ಬಾಕಿಯನ್ನು ಬಡ್ಡಿಸಮೇತ ಕೊಡಿ ಎಂದಿತು. ಇಪ್ಪತ್ತು ಮೂವತ್ತು ವರ್ಷ ಪಾಠ ಹೇಳಿ ಒಂದು ಶಾಲು, ಒಂದು ಹಾರ, ಒಂದು ಗೋಡೆ ಗಡಿಯಾರ ಪಡೆದು ಮನೆಗೆ ಹೋದ ಟೀಚರುಗಳು ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ. ಅವರಲ್ಲಿ ಎಷ್ಟು ಜನರಿಗೆ ಈ ತೀರ್ಪಿನ ಸುದ್ದಿ ಮುಟ್ಟಿದೆ?

ಗ್ರಾಚ್ಯುಟಿಯ ಲೆಕ್ಕ ಸುಲಭ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಟೀಚರೊಬ್ಬರ ಕೊನೆಯ ವೇತನ 18,200 ರೂಪಾಯಿ, ಸೇವೆ 22 ವರ್ಷ ಎಂದಿಟ್ಟುಕೊಳ್ಳಿ. 26ರಿಂದ ಭಾಗಿಸಿದರೆ 700, ಹದಿನೈದು ದಿನಕ್ಕೆ 10,500, ಇಪ್ಪತ್ತೆರಡು ವರ್ಷಕ್ಕೆ 2,31,000 ರೂಪಾಯಿ. ಮಗಳ ಮದುವೆಗೋ ಮನೆಯ ಸಾಲಕ್ಕೋ ಆಗುವ ಹಣ. ಕೊನೆಯ ವರ್ಷದಲ್ಲಿ ಆರು ತಿಂಗಳು ದಾಟಿದ್ದರೆ ಅದನ್ನೂ ಪೂರ್ತಿ ವರ್ಷವೆಂದೇ ಹಿಡಿಯಬೇಕು. ಹಣವನ್ನು 30 ದಿನಗಳೊಳಗೆ ಕೊಡಬೇಕು. ಈಗ ಈ ವಿಷಯ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಕಾಯಂ ನೌಕರರಿಗೆ ಐದು ವರ್ಷದ ಸೇವೆ ಬೇಕು. ನಿಗದಿತ ಅವಧಿಗೆಂದು ನೇಮಕವಾದವರಿಗೆ ಒಂದು ವರ್ಷ ಸಾಕು.

ಮತ್ತೊಂದು ಜಾಣತನವನ್ನೂ ಸಂಹಿತೆ ಹಿಡಿದಿದೆ. ಸಂಬಳ 20,000 ಎಂದು ಹೇಳಿ, ಮೂಲವೇತನ 6,000, ಉಳಿದ 14,000 ಆ ಭತ್ಯೆ ಈ ಭತ್ಯೆ ಎಂದು ಬರೆದರೆ ಪಿ.ಎಫ್., ಗ್ರಾಚ್ಯುಟಿಗಳು ಆ 6,000ದ ಮೇಲೆ ನಿಂತುಬಿಡುತ್ತಿದ್ದವು. ಈಗ ಭತ್ಯೆಗಳು ಒಟ್ಟು ಮೊತ್ತದ ಅರ್ಧವನ್ನು ಮೀರಿದರೆ ಮೀರಿದ ಭಾಗ ವೇತನಕ್ಕೇ ಸೇರುತ್ತದೆ. ಮೇಲಿನ ಉದಾಹರಣೆಯಲ್ಲಿ ವೇತನ 10,000 ಆಗುತ್ತದೆ. ಹನ್ನೊಂದು ತಿಂಗಳಿಗೊಮ್ಮೆ ಕರಾರು ಮುರಿದು, ಬೇಸಿಗೆ ರಜೆ ಕಳೆದ ಮೇಲೆ ಮತ್ತೆ ಬರೆಸಿಕೊಳ್ಳುವ ಪದ್ಧತಿಯ ಬಗ್ಗೆ ಹೆಚ್ಚು ಹೇಳುವುದು ಬೇಡ. ಮಾಡುವವರಿಗೂ ಮಾಡಿಸಿಕೊಳ್ಳುವವರಿಗೂ ಅದು ಯಾಕೆಂದು ಗೊತ್ತೇ ಇದೆ.

ಮನೆಯೊಳಗಿನ ಕಾರ್ಖಾನೆ

ಶಾಲೆ ಆಸ್ಪತ್ರೆಗಳನ್ನು ದೂರುವುದು ಸುಲಭ. ನಮ್ಮ ಕುಟುಂಬಗಳೂ ಮಾಲೀಕರೇ ಎಂಬುದನ್ನು ಮರೆಯಬಾರದು. ಪಾತ್ರೆ ತೊಳೆಯುವ, ಮಗು ನೋಡಿಕೊಳ್ಳುವ, ಹಾಸಿಗೆ ಹಿಡಿದ ಅಜ್ಜಿಯ ಬಟ್ಟೆ ಬದಲಿಸುವ ಹೆಂಗಸಿಗೆ ಕನಿಷ್ಠ ಕೂಲಿಯನ್ನು ಕರ್ನಾಟಕ 2004ರಲ್ಲೇ ಗೊತ್ತುಪಡಿಸಿತು. ಆಗ ಅದು ದೇಶಕ್ಕೇ ಮುಂದಿನ ಹೆಜ್ಜೆಯಾಗಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರ ಜೂನ್ 16ರಂದು ಮನೆಗೆಲಸದವರಿಗಾಗಿ 189ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಇನ್ನೂ ಅದನ್ನು ಸ್ಥಿರೀಕರಿಸಿಲ್ಲ. ಇವರಿಗಾಗಿ ಕಾನೂನು ಮಾಡುವುದನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ 2025ರ ಜನವರಿ 29ರಂದು ಸುಪ್ರೀಂ ಕೋರ್ಟು ಕೇಂದ್ರಕ್ಕೆ ಹೇಳಿತು. ಕೋರ್ಟು ಸಮಿತಿಗಳ ದಾರಿ ಉದ್ದ. ವಾರಕ್ಕೊಂದು ರಜೆ, ಕಾಯಿಲೆ ಬಿದ್ದ ದಿನಕ್ಕೆ ಸಂಬಳ ಮುರಿಯದಿರುವುದು, ಒಳಗಿನ ಲೋಟದಲ್ಲೇ ಕಾಫಿ, ಇವಕ್ಕೆ ಯಾವ ಸಮಿತಿಯೂ ಬೇಡ.

ವಾರದ ರಜೆಯೆಂದಾಗ ಒಂದು ಮಾತು. ಭಾನುವಾರದ ಬಿಡುವು ಈ ದೇಶಕ್ಕೆ ಮಿಷನರಿಗಳು ತಂದದ್ದೆಂದು ನಮ್ಮಲ್ಲಿ ಅನೇಕರ ನಂಬಿಕೆ. ಮುಂಬಯಿಯ ಹತ್ತಿ ಗಿರಣಿಗಳ ಕಾರ್ಮಿಕರಿಗೆ ಅದನ್ನು ಗಳಿಸಿಕೊಟ್ಟವರು ನಾರಾಯಣ ಮೇಘಾಜಿ ಲೋಖಂಡೆಯವರು, ಮಹಾತ್ಮ ಫುಲೆಯವರ ಸಂಗಡಿಗರು. ಭಾನುವಾರ ಖಂಡೋಬಾ ದೇವರ ದಿನ, ಅಂದು ಬಿಡುವು ಬೇಕು ಎಂಬುದು ಅವರ ವಾದಗಳಲ್ಲೊಂದು. 1890ರಲ್ಲಿ ಗಿರಣಿ ಮಾಲೀಕರು ಒಪ್ಪಿದರು. ವಾರಕ್ಕೆ 48 ಗಂಟೆಯೆಂಬ ಮಿತಿ ಬಂದದ್ದು 1946ರಲ್ಲಿ. ಅದಕ್ಕೆ ಮುಂಚೆ 54 ಗಂಟೆಯಿತ್ತು. ಆ ಹೊತ್ತಿನಲ್ಲಿ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದವರು ಡಾ. ಬಿ.ಆರ್. ಅಂಬೇಡ್ಕರರು. ಹೀಗೆ ದೊರೆತದ್ದು ಎಷ್ಟು ಸುಲಭವಾಗಿ ಜಾರೀತೆಂಬುದಕ್ಕೆ 2020ನ್ನು ನೆನೆಯಿರಿ: ಕೊರೊನಾ ಕಾಲದಲ್ಲಿ, ಮೇ 22ರಂದು, ನಮ್ಮ ರಾಜ್ಯದಲ್ಲಿ ಕಾರ್ಖಾನೆಗಳ ದುಡಿಮೆಯನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗೆ ಏರಿಸಿ ಆದೇಶ ಹೊರಟಿತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್‌ನಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು.

ಹೊಸ ಸಂಹಿತೆಗಳು ಒಳ್ಳೆಯವೇ?

29 ಕೇಂದ್ರ ಕಾಯ್ದೆಗಳ ಜಾಗದಲ್ಲಿ ನಾಲ್ಕು ಸಂಹಿತೆಗಳು ಬಂದಿವೆ. ಕನಿಷ್ಠ ಕೂಲಿಯ ಹಕ್ಕು ಮೊದಲು ಪಟ್ಟಿಯಲ್ಲಿದ್ದ ಉದ್ಯೋಗಗಳಿಗಷ್ಟೇ ಇತ್ತು, ಈಗ ಎಲ್ಲ ನೌಕರರಿಗೂ ಇದೆ. ನೇಮಕ ಪತ್ರ ಕೊಡುವುದು ಕಡ್ಡಾಯವಾಗಿದೆ. ಹೆಣ್ಣು ಗಂಡೆಂದು ಕೂಲಿಯಲ್ಲಿ ಭೇದ ಮಾಡುವಂತಿಲ್ಲ. ಹೆಚ್ಚುವರಿ ಗಂಟೆಗಳಿಗೆ ಎರಡು ಪಟ್ಟು ಕೊಡಬೇಕು. ಇವು ಒಳ್ಳೆಯವು. ಇನ್ನೊಂದು ಕಡೆ, ದೊಡ್ಡ ಕಾರ್ಖಾನೆಗಳು ಆಳುಗಳನ್ನು ತೆಗೆಯಲು ಅಥವಾ ಬಾಗಿಲು ಮುಚ್ಚಲು ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮ ಮೊದಲು 100 ಕೆಲಸಗಾರರಿದ್ದಲ್ಲಿ ಇತ್ತು, ಈಗ 300 ಇದ್ದಲ್ಲಿ ಮಾತ್ರ. ಮುಷ್ಕರಕ್ಕೆ ಎಲ್ಲ ಉದ್ಯಮಗಳಲ್ಲೂ 14 ದಿನ ಮುಂಚಿತ ನೋಟಿಸು ಬೇಕು. ಕಾರ್ಮಿಕ ಸಂಘಟನೆಗಳು 2025ರ ಜುಲೈ 9ರಂದು ದೇಶವ್ಯಾಪಿ ಮುಷ್ಕರ ಹೂಡಿದ್ದರಲ್ಲಿ ಈ ಅಸಮಾಧಾನವೂ ಸೇರಿತ್ತು. ದುಡ್ಡಿನ ಲೆಕ್ಕದಲ್ಲಿ ಕೊಟ್ಟು, ಒಗ್ಗಟ್ಟಿನ ಲೆಕ್ಕದಲ್ಲಿ ಕಿತ್ತುಕೊಂಡಂತೆ ನಮಗೆ ಕಾಣುತ್ತದೆ.

ಒಗ್ಗಟ್ಟಿನ ಬೆಲೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಗೊತ್ತು. ಪಿ.ಎಫ್. ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷವಾಗುವ ತನಕ ತೆಗೆಯುವಂತಿಲ್ಲ ಎಂಬ ನಿಯಮ 2016ರ ಫೆಬ್ರವರಿಯಲ್ಲಿ ಹೊರಟಿತು. ಮೂವತ್ತೈದು ನಲವತ್ತಕ್ಕೇ ಕಣ್ಣು, ಬೆನ್ನು ಸೋತು ಹೊಲಿಗೆ ಬಿಡುವವರಿಗೆ 58 ಎಂದರೆ ಯಾವ ಲೋಕ? ಏಪ್ರಿಲ್ 18 ಮತ್ತು 19ರಂದು ಸಾವಿರಾರು ಜನ ಕಾರ್ಖಾನೆಗಳಿಂದ ಹೊರಬಂದು ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ನಿಂತರು. ಬಸ್ಸುಗಳಿಗೆ ಬೆಂಕಿ ಬಿದ್ದದ್ದನ್ನು ಯಾರೂ ಮೆಚ್ಚಲಾರರು. ಆದರೆ 19ರ ಸಂಜೆಗೆ ಕೇಂದ್ರ ಸರ್ಕಾರ ಆ ನಿಯಮವನ್ನೇ ರದ್ದುಮಾಡಿತು.

ಮಾಡಬೇಕಾದದ್ದೇನು?

ಕಾನೂನು ತಾನಾಗಿ ನಡೆದು ಮನೆಗೆ ಬರುವುದಿಲ್ಲ. ನೇಮಕ ಪತ್ರ ಕೇಳಿ ಪಡೆಯಿರಿ. ಸಂಬಳ ಚೀಟಿ, ಹಾಜರಾತಿ ಚೀಟಿ, ಬ್ಯಾಂಕಿನ ಪಾಸ್‌ಬುಕ್, ಗುರುತಿನ ಚೀಟಿ ಇವನ್ನು ರೇಷನ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ. ಏನೂ ಕೊಡದ ಕಡೆ ಕೆಲಸ ಮಾಡುವವರು ಒಂದು ನೋಟುಪುಸ್ತಕದಲ್ಲಿ ದಿನ, ಗಂಟೆ, ಕೈಗೆ ಬಂದ ಹಣ ಬರೆದಿಡಿ. ಪಿ.ಎಫ್. ಸಂಖ್ಯೆ ಗೊತ್ತಿದ್ದರೆ ಅದಕ್ಕೆ ಪ್ರತಿ ತಿಂಗಳು ಹಣ ಬೀಳುತ್ತಿದೆಯೇ ಎಂದು ಮಕ್ಕಳ ಮೊಬೈಲಿನಲ್ಲಿ ನೋಡಿಸಿ. ಗಾರೆ, ಬಣ್ಣ, ಮರಗೆಲಸದಲ್ಲಿರುವವರು ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಮೊಬೈಲ್ ಆ್ಯಪ್‌ಗಳ ಮೂಲಕ ಊಟ, ಸಾಮಾನು ತಲುಪಿಸುವ ನಮ್ಮ ಯುವಕರಿಗಾಗಿ ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿದೆ. ಅವರೂ ನೋಂದಣಿ ಮಾಡಿಸಬೇಕು.

ಕೂಲಿ ಬಾಕಿಯಾದರೆ ಬೆಂಗಳೂರಿನವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಉಳಿದವರು ತಮ್ಮ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಅಥವಾ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ ವಿಚಾರಿಸಿ. ಅರ್ಜಿಯನ್ನು ಕೆಲಸಗಾರರೇ ಕೊಡಬಹುದು, ಅವರ ಸಂಘವೂ ಕೊಡಬಹುದು. ಕೊಟ್ಟಿದ್ದೇನೆಂದು ಸಾಬೀತು ಮಾಡುವ ಹೊಣೆ ಮಾಲೀಕರದ್ದು, ಸಿಗಲಿಲ್ಲವೆಂದು ಸಾಬೀತು ಮಾಡುವುದು ಆಳಿನ ಹೊಣೆಯಲ್ಲ. ಅಧಿಕಾರಿ ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ನನಗೆ ಬರಬೇಕಾದದ್ದನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಬರೆಸಿಕೊಂಡ ಸಹಿ, ಹೆಬ್ಬೆಟ್ಟು ಯಾವುದೂ ನಿಲ್ಲುವುದಿಲ್ಲ. ‘ಒಪ್ಪಿಕೊಂಡಿದ್ದಾರಲ್ಲ’ ಎಂಬ ಮಾತಿಗೆ ಸಂಹಿತೆಯಲ್ಲೇ ಬಾಗಿಲು ಮುಚ್ಚಿದೆ.

ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಎಲ್ಲ ಮಹಿಳೆಯರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಕೈಗಾರಿಕಾ ಕಾರ್ಮಿಕರಿಗೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ನ್ಯಾಯಾಲಯದ ಆವರಣದಲ್ಲೇ ಅದರ ಕಚೇರಿ ಇರುತ್ತದೆ, ದೂರವಾಣಿ 15100. ಮೊದಲು ಕೂಲಿ ಬಾಕಿಯ ಅರ್ಜಿಗೆ ಕಾಯ್ದೆಗೆ ತಕ್ಕಂತೆ ಆರು ತಿಂಗಳು, ಒಂದು ವರ್ಷ ಎಂಬ ಗಡುವುಗಳಿದ್ದವು. ವೇತನ ಸಂಹಿತೆಯಲ್ಲಿ ಅದು ಮೂರು ವರ್ಷ. ಕೆಲಸ ಬಿಟ್ಟು ವರ್ಷವಾಯಿತು, ಇನ್ನೇನು ಕೇಳುವುದು ಎಂದು ಸುಮ್ಮನಾದವರು ತಮ್ಮ ಚೀಟಿಗಳನ್ನು ಹುಡುಕಿ ತೆಗೆದು, ತಾರೀಖು ನೋಡಿಕೊಳ್ಳಲಿ.